ಪಾಪಮ್ಮನನ್ನು ಎಬ್ಬಿಸುವ ಮಾತು

ನಮ್ಮ ಮನೆಯಲ್ಲಿ ಜಗಳವನ್ನೂ ಪಿಸುಗುಟ್ಟಿಕೊಂಡೇ ಆಡಬೇಕಿತ್ತು. ನಡುಮನೆಗೆ ಅಂಟಿಕೊಂಡೇ ಹುಳುಮನೆ. ಅಲ್ಲಿ ಬಿದಿರು ತಟ್ಟೆಗಳ ಮೇಲೆ ರೇಷ್ಮೆ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಗದ್ದಲ ಕೇಳಿದರೆ ಹುಳು ಬೆದರಿ ಮೇವು ಬಿಡುತ್ತವೆ ಅನ್ನುವುದು ಅಜ್ಜಿಯ ನಂಬಿಕೆ. ಹಾಗಾಗಿ ಅಮ್ಮ ಮತ್ತು ಚಿಕ್ಕಪ್ಪ ಬಿಸಿನೀರಿನ ವಿಷಯಕ್ಕೆ ಕಿತ್ತಾಡುವಾಗಲೂ ದೂರದಿಂದ ನೋಡಿದವರಿಗೆ ಇಬ್ಬರೂ ಗುಟ್ಟು ಹೇಳಿಕೊಳ್ಳುತ್ತಿದ್ದಾರೆ ಅನ್ನಿಸಬೇಕು. 'ಹಾಳಾಗಿ ಹೋಗು' ಅನ್ನುವ ಮಾತನ್ನು ಅಷ್ಟು ಮೆತ್ತಗೆ, ಜೋಗುಳದ ಹಾಗೆ ಹೇಳುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ಹೊಸಬರು ಬಂದರೆ ಈ ಮನೆಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ ಅಂದುಕೊಂಡು ಚಪ್ಪಲಿ ಕಳಚುವಾಗಲೇ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಪಿಸುಮಾತಿನಲ್ಲಿ ಎಲ್ಲರ ದನಿಯೂ ಒಂದೇ. ದೀಪ ಸಣ್ಣದಾದ ಮೇಲೆ ಗೋಡೆ ಪಕ್ಕದಿಂದ 'ನೀರು ಕೊಡು' ಅಂತ ಕೇಳಿದರೆ, ಕೇಳಿದ್ದು ಯಾರು ಅಂತ ಕೈಯಿಂದ ತಡವಿ ತಿಳಿದುಕೊಳ್ಳಬೇಕಿತ್ತು. ನಾನು ದನಿಗಳ ಕಳ್ಳನಾದದ್ದು ಇಂಥ ಮನೆಯಲ್ಲಿ ಹುಟ್ಟಿದ್ದಕ್ಕೇ ಇರಬೇಕು.

ಗಟ್ಟಿಯಾಗಿ ಬಾಯಿ ಬಿಡಲು ನಮಗಿದ್ದದ್ದು ಒಂದೇ ಜಾಗ, ಹಿತ್ತಲಿನ ಕೊಟ್ಟಿಗೆ. ಅದರ ಅರ್ಧದಲ್ಲಿ ಹಸುಗಳು, ಇನ್ನರ್ಧದಲ್ಲಿ ತಾತನ ಕಾರು. ಮೇಷ್ಟ್ರು ಮೂಗಿನಲ್ಲಿ ಮಗ್ಗಿ ಹೇಳಿಸುವುದು, ಚಿಂತಾಮಣಿ ಬಸ್ಸಿನ ಕಂಡಕ್ಟರು ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಸಮಾಧಾನ ಮಾಡುವುದು, ಹೆಣ್ಣು ನೋಡಲು ಹೋದಾಗ ಮಾತ್ರ ಚಿಕ್ಕಪ್ಪ ಹೊರಗೆ ತೆಗೆಯುತ್ತಿದ್ದ ಗಂಭೀರ ಗಂಟಲು, ಎಲ್ಲವನ್ನೂ ನಾನು ಅಲ್ಲಿ ಆಡಿ ತೋರಿಸುತ್ತಿದ್ದೆ. ಹಸುಗಳಿಗಿಂತ ಒಳ್ಳೆಯ ಪ್ರೇಕ್ಷಕರು ನನಗೆ ಆಮೇಲೂ ಸಿಕ್ಕಿಲ್ಲ. ನಗದಿದ್ದರೂ ಎದ್ದು ಹೋಗುತ್ತಿರಲಿಲ್ಲ. ನನ್ನನ್ನು ನಾನೇ ಅಣಕಿಸಲೂ ನೋಡುತ್ತಿದ್ದೆ. ಅದೊಂದು ಮಾತ್ರ ಯಾವತ್ತೂ ಸರಿಯಾಗಿ ಬರಲಿಲ್ಲ. ಮುನಿರಾಜನ ದನಿ, ಅಂದರೆ ನನ್ನದೇ ದನಿ, ಹೇಗಿದೆ ಅಂತ ನೆನಪು ಮಾಡಿಕೊಳ್ಳಲು ಹೊರಟರೆ ಬೇರೆ ಯಾರದೋ ದನಿ ಬಂದು ಗಂಟಲಲ್ಲಿ ಕೂರುತ್ತಿತ್ತು.

ಆ ಕಾರನ್ನು ತಾತ ತಂದದ್ದು ಕೋಲಾರದ ಗಣಿ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಬಿಳಿ ದೊರೆಯ ಹತ್ತಿರದಿಂದ. ಡೀಸೆಲ್ ಕಾರು. ಬಾವಿಯ ಇಂಜಿನ್ನಿಗೂ ಅದೇ ಎಣ್ಣೆ, ಇದಕ್ಕೂ ಅದೇ ಎಣ್ಣೆ ಅನ್ನುವುದು ತಾತನಿಗೆ ಬಹಳ ಹಿಡಿಸಿತ್ತು. ಸದ್ದೂ ಬಾವಿ ಇಂಜಿನ್ನಿನದೇ; ಕಣ್ಣು ಮುಚ್ಚಿಕೊಂಡು ಕೂತರೆ ತೋಟಕ್ಕೆ ನೀರು ಬಿಟ್ಟ ಹಾಗಿರುತ್ತಿತ್ತು. ಆ ಕಾಲದ ಡೀಸೆಲ್ ಕಾರು ಗಕ್ಕನೆ ಏಳುವುದಿಲ್ಲ. ಇಂಜಿನ್ನಿನ ತಲೆಯೊಳಗೆ ಹೀಟರ್ ಪ್ಲಗ್ ಅಂತ ಇರುತ್ತವೆ. ಮುಂದಿನ ಹಲಗೆಯ ಮೇಲಿನ ಗುಂಡಿಯನ್ನು ಅರ್ಧ ಎಳೆದು ಹಿಡಿದರೆ ಅವು ಒಳಗೇ ಕೆಂಪಗೆ ಕಾಯುತ್ತವೆ. ಚೆನ್ನಾಗಿ ಕಾದ ಮೇಲೆ ಗುಂಡಿಯನ್ನು ಪೂರ್ತಿ ಎಳೆದರೆ ಇಂಜಿನ್ನು ಹಿಡಿಯುತ್ತದೆ. ಅವಸರ ಮಾಡಿದರೆ ಒಮ್ಮೆ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಮತ್ತೆ ಮಲಗಿಬಿಡುತ್ತದೆ. ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಆಗ ಮನೆಯವರಿಗೆಲ್ಲ ಗೊತ್ತಿದ್ದದ್ದು ಇಷ್ಟೇ: ಬೆಳಗ್ಗೆ ತಾತ ಗುಂಡಿ ಹಿಡಿದುಕೊಂಡು ಕೂತು ಕಾರನ್ನು ಮಾತಾಡಿಸುತ್ತಾನೆ, ಮಾತು ಮುಗಿದಾಗ ಕಾರು ಏಳುತ್ತದೆ. ದಿನವೂ ಅದೇ ಮಾತು, ನಡುವೆ ಏಳು ಅನ್ನುವುದನ್ನೇ ಒಂದು ಸಲ ತೆಲುಗಿನಲ್ಲಿ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಏಳಮ್ಮ ಪಾಪಮ್ಮ, ಏಳು ತಾಯಿ. ಹೊತ್ತು ಹುಟ್ತು. ಹಸ ಕರೆದಾಯ್ತು, ನೊರೆಹಾಲು ಕಾಯ್ತಾ ಐತೆ. ಲೇವಮ್ಮಾ, ಲೇ ಬಂಗಾರು. ಕೋಳಿ ಕೂಗಿ ಕೂಗಿ ಸುಸ್ತಾಗಿ ಕುಂತೈತೆ. ತಲೆ ಬಾಚ್ತೀನಿ, ಎರಡು ಜಡೆ ಹಾಕ್ತೀನಿ, ಕನಕಾಂಬರ ಮುಡಿಸ್ತೀನಿ. ಊರೋರೆಲ್ಲಾ ಎದ್ರು, ನೀನೊಬ್ಬಳೇ ಉಳ್ದಿರೋದು. ಏಳಲ್ವಾ? ಏಳಲ್ವಾ ನಮ್ಮಮ್ಮ?"

ಅಲ್ಲಿಗೆ ಗುಂಡಿ ಪೂರ್ತಿ ಎಳೆಯುತ್ತಿದ್ದ. ಇಂಜಿನ್ನು ಗುಡುಗುತ್ತಿತ್ತು, ಹಸುಗಳು ಕಿವಿ ಒದರುತ್ತಿದ್ದವು. ಆ ಗದ್ದಲದೊಳಗೆ ತಾತನ ತುಟಿ ಇನ್ನೂ ಒಂದು ಸಾಲಿನಷ್ಟು ಅಲ್ಲಾಡುತ್ತಿತ್ತು. ಅದು ಏನು ಅಂತ ಯಾರಿಗೂ ಕೇಳಿಸುತ್ತಿರಲಿಲ್ಲ. ನನ್ನಂಥ ಕಳ್ಳನಿಗೂ ಆ ಸಾಲು ಸಿಕ್ಕಿರಲಿಲ್ಲ. ಹಸುಗಳ ಮುಂದೆ ತಾತನ ಆಟ ಆಡುವಾಗ ಅಲ್ಲಿ ಬರೀ ತುಟಿ ಕುಣಿಸಿ ಮುಗಿಸುತ್ತಿದ್ದೆ. ಕಾರಿಗೆ ಎಲ್ಲಿಯ ಜಡೆ, ಎಲ್ಲಿಯ ಕನಕಾಂಬರ ಅಂತ ನಾವೆಲ್ಲ ನಗುತ್ತಿದ್ದೆವು. ಅಜ್ಜಿ ಮಾತ್ರ ನಗುತ್ತಿರಲಿಲ್ಲ. ಅಡುಗೆಮನೆಯ ಕಿಟಕಿ ಕೊಟ್ಟಿಗೆಯ ಕಡೆಗೇ ಇತ್ತು. ಇಂಜಿನ್ನಿನ ಸದ್ದು ಹದಕ್ಕೆ ಬಂದದ್ದೇ ಅಲ್ಲಿಂದ ಕೇಳುತ್ತಿದ್ದಳು.

"ಎದ್ಲಾ?"

"ಎದ್ಲು ಕಣೆ."

ಇಷ್ಟಾದ ಮೇಲೇ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು.

ತಾತ ಹೋದದ್ದು ನಿದ್ದೆಯಲ್ಲಿ. ಆಗ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ಹೊತ್ತಿನಲ್ಲಿ ಗದ್ದಲ ಮಾಡಲೇ ಕೂಡದು. ಬಂದ ನೆಂಟರೆಲ್ಲ ಸೆರಗು ಬಾಯಿಗಿಟ್ಟುಕೊಂಡು ಪಿಸುಗುಟ್ಟಿಕೊಂಡೇ ಅತ್ತರು. ನಾನು ಬಾಗಿಲ ಸಂದಿಯಿಂದ ಹುಳುಮನೆಯೊಳಗೆ ನೋಡಿದೆ. ತಟ್ಟೆ ತಟ್ಟೆಯಲ್ಲೂ ಬಿಳಿ ತಲೆಗಳು, ಎಲ್ಲವೂ ಎತ್ತಿದ್ದವು, ಎಲ್ಲವೂ ಕೇಳಿಸಿಕೊಳ್ಳುತ್ತಿದ್ದ ಹಾಗಿದ್ದವು.

ಕಾರು ಚಿಕ್ಕಪ್ಪನ ಕೈಗೆ ಬಂತು, ಬಂದ ದಿನದಿಂದಲೇ ಕೈಕೊಟ್ಟಿತು. ಚಿಕ್ಕಪ್ಪ ನಿಂತ ನಿಲುವಿನಲ್ಲೇ ಊಟ ಮಾಡುವ ಜಾತಿಯ ಮನುಷ್ಯ. ಹಿಂದಿನ ಸೀಟಿಗೆ ರೇಷ್ಮೆಗೂಡಿನ ಮೂಟೆ ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಓಡುವ ಆತುರದಲ್ಲಿ ಗುಂಡಿಯನ್ನು ಹಲ್ಲು ಕಿತ್ತ ಹಾಗೆ ಒಂದೇ ಸಲಕ್ಕೆ ಎಳೆಯುತ್ತಿದ್ದ. ಕಾರು ಕೆಮ್ಮುತ್ತಿತ್ತು, ಮಲಗುತ್ತಿತ್ತು. ಹೆಚ್ಚು ದಿನ ಇಟ್ಟರೆ ಗೂಡು ತೂತು ಮಾಡಿಕೊಂಡು ಚಿಟ್ಟೆ ಹೊರಗೆ ಬರುತ್ತದೆ, ಬಂದರೆ ಆ ಗೂಡನ್ನು ಯಾರೂ ಮುಟ್ಟುವುದಿಲ್ಲ. ಯಜಮಾನ ಇಲ್ಲದ ಬಂಡಿ ಹಟ ಹಿಡಿದಿದೆ ಅಂತ ಅಜ್ಜಿ ತೀರ್ಮಾನ ಕೊಟ್ಟಳು. ಅದಕ್ಕೆ ಚಿಕ್ಕಪ್ಪ ಮಾಡಿದ ಪರಿಹಾರ ನಮ್ಮ ಮನೆತನಕ್ಕೇ ತಕ್ಕದ್ದು. ಮದುವೆಯೊಂದರ ಫೋಟೋದಿಂದ ತಾತನ ಮುಖವನ್ನು ದುಂಡಗೆ ಕತ್ತರಿಸಿದ. ಗುಂಡಿಯ ಮೇಲೆ, ಹಲಗೆಯಲ್ಲಿ, ಜರಡಿಯಂಥ ಸಣ್ಣ ತೂತುಗಳ ಒಂದು ಬಿಲ್ಲೆ ಇತ್ತು, ಸುತ್ತ ಹೊಳೆಯುವ ಅಂಚು. ಅದು ಯಾತಕ್ಕೆ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ; ಕಾರು ಎಬ್ಬಿಸುವಾಗ ತಾತ ಯಾರನ್ನೂ ಪಕ್ಕದಲ್ಲಿ ಕೂರಿಸಿಕೊಂಡಿರಲಿಲ್ಲ. ಫೋಟೋಗೆ ಅಂತಲೇ ದೊರೆ ಮಾಡಿಸಿಟ್ಟ ಚೌಕಟ್ಟಿನ ಹಾಗೆ ಕಂಡಿತು. ಮೈದಾ ಅಂಟಿನಲ್ಲಿ ತಾತನನ್ನು ಅಲ್ಲಿಗೆ ಅಂಟಿಸಿ, ಕುಂಕುಮ ಇಟ್ಟ. ಕಾರು ಆಗಲೂ ಏಳಲಿಲ್ಲ.

ಅವತ್ತು ಮಂಜು ಕೊಟ್ಟಿಗೆಯ ಒಳಗೇ ಬಂದು ನಿಂತಿತ್ತು. ಚಿಕ್ಕಪ್ಪ ಕಾರನ್ನೂ, ಅದನ್ನು ಮಾಡಿದವರನ್ನೂ, ಮಾರಿದ ದೊರೆಯನ್ನೂ ಬೈಯುತ್ತಿದ್ದ. ನಾನು ಅವನನ್ನು ಇನ್ನಷ್ಟು ಉರಿಸೋಣ ಅಂತ ಪಕ್ಕದ ಸೀಟಿಗೆ ಹತ್ತಿ ಕೂತು, ಕೆಮ್ಮಿ, ತಾತನ ಗಂಟಲು ತೆಗೆದೆ. ಏಳಮ್ಮ ಪಾಪಮ್ಮ, ಏಳು ತಾಯಿ. ಗುಂಡಿಯನ್ನು ಅರ್ಧ ಎಳೆದಿದ್ದ ಚಿಕ್ಕಪ್ಪನ ಕೈ ಅಲ್ಲೇ ನಿಂತಿತು. ನಾನು ನಗು ತಡೆದುಕೊಂಡು ಮುಂದುವರಿಸಿದೆ. ಹಸ ಕರೆದದ್ದು, ಹಾಲು, ಕೋಳಿ. ಜಡೆಯ ಹತ್ತಿರ ಬರುವಷ್ಟರಲ್ಲಿ ತಾತನ ತಲೆಯ ಸುತ್ತ ಕೆಂಪು ಬೆಳಕು ಮೂಡಿತು. ಮೊದಲು ಅಂಚಿನಲ್ಲಿ ದಾರದಷ್ಟು. ಆಮೇಲೆ ದೇವರ ಹಿಂದಿನ ಪ್ರಭಾವಳಿಯ ಹಾಗೆ ಪೂರ್ತಿ. ನನ್ನ ನಗು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನಿಲ್ಲಿಸಬೇಕು ಅಂದುಕೊಂಡೆ, ಬಾಯಿ ನಿಲ್ಲಲಿಲ್ಲ. ಏಳಲ್ವಾ ನಮ್ಮಮ್ಮ ಅಂದದ್ದೇ ಚಿಕ್ಕಪ್ಪ ಬೆಚ್ಚಿಬಿದ್ದು ಗುಂಡಿಯನ್ನು ಎಳೆದುಬಿಟ್ಟ. ಇಂಜಿನ್ನು ಗುಡುಗಿತು. ತಾತ ಹೋದಾಗಿನಿಂದ ಮುಚ್ಚಿದ್ದ ಅಡುಗೆಮನೆಯ ಕಿಟಕಿ ತೆರೆಯಿತು.

"ಎದ್ಲಾ?"

"ಎದ್ಲು ಕಣೆ" ಅಂತ ನಾನು ಹೇಳಿದೆ. ನಾನು ಹೇಳಿದೆ ಅಂತಲೇ ಬರೆಯಬೇಕು, ಬೇರೆ ಹೇಗೆ ಬರೆಯಲಿ? ಚಿಕ್ಕಪ್ಪ ಮಾತ್ರ ನನ್ನ ಬಾಯಿ ನೋಡದೆ ಫೋಟೋ ನೋಡುತ್ತಿದ್ದ.

ಅಲ್ಲಿಂದ ಮುಂದೆ ಬೆಳಗ್ಗೆ ಕಾರು ಎಬ್ಬಿಸುವ ಕೆಲಸ ನನ್ನದಾಯಿತು. ಅಜ್ಜಿ ತಾತನ ಹಿತ್ತಾಳೆ ತಟ್ಟೆ ಬೆಳಗಿ ನನ್ನ ಮುಂದಿಟ್ಟಳು; ಮೊದಲ ಮುದ್ದೆ ನನಗೆ. ಜಗಲಿಯಲ್ಲಿ ತಾತನ ಕಂಬಕ್ಕೆ ಒರಗಿ ಕೂರಲು ನನಗೆ ಹಕ್ಕು ಸಿಕ್ಕಿತು. ಚಿಕ್ಕಪ್ಪ, ನನ್ನ ಕಿವಿ ಹಿಂಡಿ ಬೆಳೆಸಿದ ಚಿಕ್ಕಪ್ಪ, ಬೀಡಿ ಹಚ್ಚುವ ಮುಂಚೆ ನನ್ನನ್ನು ಕಂಡು ಕಂಬದ ಮರೆಗೆ ಹೋಗತೊಡಗಿದ. ಇಂಥ ಮಜಾ ಯಾವ ಹುಡುಗನಿಗೆ ಸಿಕ್ಕೀತು? ನಾನು ಅದನ್ನು ಮೂಳೆ ಚೀಪಿದ ಹಾಗೆ ಚೀಪಿದೆ. 'ಏನಯ್ಯ, ಹೆಣ್ಣಿನ ಕಡೆಯೋರು ಏನಂದ್ರು?' ಅಂತ ತಾತನ ದನಿಯಲ್ಲಿ ಕೇಳಿದರೆ ಚಿಕ್ಕಪ್ಪ ಎದ್ದು ನಿಂತು, 'ಇನ್ನೂ ಏನೂ ಹೇಳಿಲ್ಲಪ್ಪ' ಅಂದು, ಆಮೇಲೆ ನಾಚಿ, ನನ್ನ ತಲೆಗೆ ಮೊಟಕಲು ಕೈ ಎತ್ತಿ, ಎತ್ತಿದ ಕೈಯಲ್ಲಿ ತನ್ನ ತಲೆಯನ್ನೇ ಕೆರೆದುಕೊಳ್ಳುತ್ತಿದ್ದ.

ಅಮ್ಮನಿಗೆ ಇದು ಸೇರಲಿಲ್ಲ. ಕೆಲಸವಿರಲಿ ಇಲ್ಲದಿರಲಿ ಅವಳು ನನ್ನನ್ನು 'ಮುನಿರಾಜಾ' ಅಂತ ಕೂಗುತ್ತಿದ್ದಳು. ಓ ಅಂದರೆ ಸುಮ್ಮನೆ ಹೋಗುತ್ತಿದ್ದಳು. ನಾನು ಓ ಅನ್ನುವುದು ಯಾವ ದನಿಯಲ್ಲಿ ಅಂತ ನೋಡಲು ಹಾಗೆ ಕೂಗುತ್ತಾಳೆ ಅಂತ ನನಗೆ ಗೊತ್ತಾದದ್ದು ಸ್ವಲ್ಪ ತಡವಾಗಿ. ಅಷ್ಟರಲ್ಲಿ ಆ ದನಿ ನಾನು ಕರೆಯದೆಯೂ ಬರತೊಡಗಿತ್ತು. ತರಗತಿಯಲ್ಲಿ ಮೇಷ್ಟ್ರು ಏನೋ ಪ್ರಶ್ನೆ ಕೇಳಿದಾಗ ಉತ್ತರ ಮುದುಕನ ಗಂಟಲಲ್ಲಿ ಹೊರಟಿತು. ಬೆತ್ತ ಹಿಡಿದಿದ್ದ ಮೇಷ್ಟ್ರು 'ಹೇಳಿ ಹೇಳಿ, ಕೂತ್ಕೊಳಿ' ಅಂದುಬಿಟ್ಟರು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆ ನಗುವೂ ತಾತನದೇ. ನಿದ್ದೆಯಲ್ಲಿ ನಾನು ಕಾಲು ಕೊಡವಿ, ಶಿವನೇ ಅಂತ ಮಗ್ಗುಲು ಬದಲಿಸುತ್ತೇನೆ ಅಂತ ಅಮ್ಮ ಹೇಳಿದಳು. ತಾತನೂ ಹಾಗೇ ಮಾಡುತ್ತಿದ್ದನಂತೆ, ಆದರೆ ಅದನ್ನು ನಾನು ಕದ್ದಿರಲಿಲ್ಲ. ತಾತ ಮಲಗಿದ್ದನ್ನು ನಾನು ಯಾವತ್ತೂ ಪಕ್ಕದಲ್ಲಿದ್ದು ನೋಡಿದವನೇ ಅಲ್ಲ.

ಅಪ್ಪ ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಶನಿವಾರದ ಬಸ್ಸಿಗೆ ಬಂದು ಭಾನುವಾರ ಕಳೆದು ಹೋಗುತ್ತಿದ್ದ. ಮನೆಯೊಳಗೆ ನಡೆಯುತ್ತಿದ್ದದ್ದು ಅವನಿಗೆ ಹಿತ್ತಾಳೆ ತಟ್ಟೆ ಕಂಡಾಗಲೇ ಅರ್ಥವಾಗಿರಬೇಕು. ಒಂದು ಶನಿವಾರ ಊಟಕ್ಕೆ ಕೂತಾಗ ಮಾತು ತೆಗೆದ. ಪಕ್ಕದಲ್ಲಿ ಹುಳು ಮೇಯುತ್ತಿದ್ದವು, ಆದ್ದರಿಂದ ಎಲ್ಲವೂ ಪಿಸುದನಿಯಲ್ಲಿ.

"ಸಂಕ್ರಾಂತಿ ಕಳೀಲಿ ಅಮ್ಮ, ಇವನನ್ನ ಕರ್ಕೊಂಡೋಗ್ತೀನಿ. ಅಲ್ಲೊಬ್ರು ಮೇಷ್ಟ್ರು ಮನೇಲೇ ಪಾಠ ಹೇಳ್ಕೊಡ್ತಾರೆ. ಆಮೇಲೆ ಹೈಸ್ಕೂಲಿಗೆ ಸೇರಿಸ್ತೀನಿ."

"ಯಾರ್ನ?"

"ಮುನಿರಾಜನ್ನ."

"ಮುನಿರಾಜನ್ನ ಕರ್ಕೊಂಡೋಗಪ್ಪ, ನಾನ್ಯಾಕೆ ಬ್ಯಾಡ ಅನ್ಲಿ" ಅಂದಳು ಅಜ್ಜಿ, ನನ್ನ ತಟ್ಟೆಗೆ ಸಾರು ಬಿಡುತ್ತಾ. "ಅವ್ರನ್ನ ಇಲ್ಲೇ ಬಿಟ್ಟೋಗು."

ಅಮ್ಮನ ಕೈಯಿಂದ ಸೌಟು ಜಾರಿತು. ಚಿಕ್ಕಪ್ಪ ವಾತಾವರಣ ಹಗುರ ಮಾಡಲು ನೋಡಿದ.

"ಇಬ್ರಿಗೂ ಒಂದೇ ಹೊಟ್ಟೆ ಕಣಮ್ಮ. ಒಬ್ರನ್ನ ಕಳ್ಸಿ ಒಬ್ರನ್ನ ಇಟ್ಕೊಳ್ಳೋದು ಹೆಂಗೆ?"

"ಅದಕ್ಕೇ ಇಬ್ರೂ ಹೋಗಂಗಿಲ್ಲ" ಅಂದಳು ಅಜ್ಜಿ.

ನನಗೆ ಹೋಗಬೇಕಿತ್ತು. ಯಾವುದನ್ನೂ ಅಷ್ಟು ಬಯಸಿದ್ದು ನೆನಪಿಲ್ಲ. ಹೈಸ್ಕೂಲಿನ ಮೇಲೆ ಪ್ರೀತಿ ಉಕ್ಕಿ ಅಲ್ಲ. ಪುಸ್ತಕ ಕಂಡರೆ ನನಗೆ ಆಕಳಿಕೆ ಬರುತ್ತಿತ್ತು. ಇಲ್ಲೇ ಇದ್ದರೆ ಒಂದು ಬೆಳಗ್ಗೆ ಅಮ್ಮ 'ಮುನಿರಾಜಾ' ಅಂದಾಗ ಓ ಅನ್ನಲು ಒಳಗೆ ಯಾರೂ ಇರುವುದಿಲ್ಲ ಅನ್ನುವ ಭಯ. ಅದನ್ನು ಹೇಳೋಣ ಅಂತ ಬಾಯಿ ತೆರೆದೆ. 'ಸಾರಿಗೆ ಉಪ್ಪು ಕಮ್ಮಿ ಕಣೆ' ಅಂತ ಬಂತು, ತಾತನ ದನಿಯಲ್ಲಿ. ಅಜ್ಜಿ ಉಪ್ಪಿನ ಮರಿಗೆ ತರಲು ಎದ್ದಳು.

ಸಂಕ್ರಾಂತಿ ಹತ್ತಿರ ಬಂತು. ದಿನವೂ ಹಿಂದಿನಿಂದ ಶಾಖ ತಾಗಿ ತಾಗಿ ಫೋಟೋ ಕಂದಿಹೋಗಿತ್ತು. ಮೊದಲು ಸುಟ್ಟದ್ದು ಕಣ್ಣುಗಳು. ಆ ಎರಡು ತೂತುಗಳಿಂದ ಕೆಂಪು ಬೆಳಕು ನೇರ ನನ್ನ ಮುಖಕ್ಕೇ ಬೀಳುತ್ತಿತ್ತು. ನಾನು ಮಾತು ಆರಂಭಿಸಿದಾಗ ಮುಚ್ಚಿದ್ದ ಕಣ್ಣು ಜಡೆಯ ಹೊತ್ತಿಗೆ ತೆರೆಯುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೇ ಮಾತು ಒಪ್ಪಿಸಿ ಇಳಿದು ಓಡುತ್ತಿದ್ದೆ. ಒಂದು ಬೆಳಗ್ಗೆ ಪೂರ್ತಿ ಮಾತು ಮುಗಿದರೂ ಆ ಕಣ್ಣು ತೆರೆಯಲಿಲ್ಲ. ಚಿಕ್ಕಪ್ಪ ಗುಂಡಿ ಎಳೆದ. ಕೆಮ್ಮು, ಹೊಗೆ, ಮೌನ. ಮತ್ತೆ ಹೇಳಿದೆ. ಇನ್ನೊಮ್ಮೆ ಹೇಳಿದೆ. ತಾತ ಕತ್ತಲಾಗಿಯೇ ಇದ್ದ. ಕಿಟಕಿಯ ಹತ್ತಿರ ಅಜ್ಜಿ ಬಹಳ ಹೊತ್ತು ಕಾದು ನಿಂತಿದ್ದು, ಪ್ರಶ್ನೆ ಕೇಳದೆಯೇ ಒಳಗೆ ಹೋದಳು.

"ಮುನಿಸ್ಕೊಂಡವ್ರೆ. ಹೋಗೋ ಮಾತು ತೆಗುದ್ರಲ್ಲ, ಅದಕ್ಕೆ" ಅಂದಳು ಅಜ್ಜಿ ಆಮೇಲೆ. "ಇನ್ನು ಆ ಮಾತು ಈ ಮನೇಲಿ ಎತ್ಬ್ಯಾಡಿ."

ಶನಿವಾರ ಬಂದ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಮಾರನೆಯ ದಿನ ಮಧ್ಯಾಹ್ನ ಪಂಚೆ ಎತ್ತಿ ಕಟ್ಟಿ ಕೊಟ್ಟಿಗೆಗೆ ಬಂದ. ಕಾರು ಓಡಿಸುವುದು ಬಿಟ್ಟರೆ ರಿಪೇರಿಯ ಗಂಧಗಾಳಿ ಅವನಿಗೂ ಇರಲಿಲ್ಲ. ಚಿಕ್ಕಬಳ್ಳಾಪುರದ ಲಾರಿ ರಿಪೇರಿಯವರ ಹತ್ತಿರ ಆಗೀಗ ಚಹಾ ಕುಡಿದು ಕೇಳಿಸಿಕೊಂಡದ್ದಷ್ಟೇ ಬಂಡವಾಳ. ಹೀಟರ್ ಪ್ಲಗ್ ಹೋಗಿರಬೇಕು ಅಂದ. ಚಿಕ್ಕಪ್ಪನೂ ಅವನೂ ಬಾನೆಟ್ ಎತ್ತಿದರು. ಅಜ್ಜಿ ಬಂದು ಒರಳುಕಲ್ಲಿನ ಮೇಲೆ ಕೂತಳು. ಇಂಜಿನ್ನಿನ ಪಕ್ಕದಲ್ಲಿ ನಾಲ್ಕು ಪ್ಲಗ್ಗುಗಳು ಸಾಲಾಗಿ, ಒಂದರಿಂದ ಒಂದಕ್ಕೆ ದಪ್ಪ ತಂತಿ ಕಟ್ಟಿಸಿಕೊಂಡು, ಒಂದೇ ದಾರಕ್ಕೆ ಪೋಣಿಸಿದ ಹಾಗೆ ಕೂತಿದ್ದವು. ತಂತಿ ಬಿಚ್ಚಿ, ಬುಡಕ್ಕೆ ಸೀಮೆಎಣ್ಣೆ ಬಿಟ್ಟು, ನೆನೆಯಲು ಬಿಟ್ಟು, ಸ್ಪ್ಯಾನರ್ ಹಾಕಿ ಒಂದೊಂದೇ ತಿರುಗಿಸಿ ತೆಗೆದರು. ಪ್ರತಿಯೊಂದರ ತುದಿಯಲ್ಲೂ ಮೂಗುಬಟ್ಟಿನಂಥ ಒಂದು ಸುರುಳಿ, ಮೇಲೆಲ್ಲ ಮಸಿ. ಒಂದರ ಸುರುಳಿ ನಡುವೆ ಕಡಿದಿತ್ತು. ದಾರ ಒಂದು ಕಡೆ ಕಡಿದರೆ ಎಲ್ಲಕ್ಕೂ ಕರೆಂಟು ನಿಂತ ಹಾಗೇ ಅಂತ ಅಪ್ಪ ವಿವರಿಸಿದ.

"ಉಳಿದವು ಚೆನ್ನಾಗವೋ ಇಲ್ವೋ ನೋಡ್ಬಿಡಣ" ಅಂತ ಚಿಕ್ಕಪ್ಪ ಅಡುಗೆಮನೆಯ ಇಕ್ಕಳದಲ್ಲಿ ಒಂದನ್ನು ಹಿಡಿದು, ಅಪ್ಪ ತಡೆಯುವ ಮುಂಚೆ ಇಡೀ ಬ್ಯಾಟರಿಗೆ ಕೊಟ್ಟುಬಿಟ್ಟ. ಸುರುಳಿ ಮಿಂಚಿನ ಹಾಗೆ ಬೆಳ್ಳಗೆ ಹೊಳೆದು, ಚಟ್ ಅಂದು, ಇಲ್ಲವಾಯಿತು.

"ನೋಡ್ದೇನೋ, ಚೆನ್ನಾಗಿತ್ತು" ಅಂದ ಅಪ್ಪ.

ಬ್ಯಾಟರಿಯಲ್ಲಿ ಆರು ಮನೆ ಇರುತ್ತವೆ, ಈ ಬಡಪಾಯಿ ಪ್ಲಗ್ಗಿಗೆ ಒಂದೇ ಮನೆಯ ಕರೆಂಟು ಸಾಕು. ಹಾಗೆ ಒಂದಕ್ಕೆ ಮಾತ್ರ ಕೊಟ್ಟು ಉಳಿದೆರಡನ್ನು ನೋಡಿದೆವು. ಕೊಟ್ಟಿಗೆಯ ಮಬ್ಬಿನಲ್ಲಿ ಸುರುಳಿ ನಿಧಾನವಾಗಿ, ನಿದ್ದೆಯಿಂದ ಎಚ್ಚರಾಗುವ ಹಾಗೆ, ಕೆಂಪಾಯಿತು. ಆ ಕೆಂಪು ನನಗೆ ಗೊತ್ತಿತ್ತು. ಅಮ್ಮ ಕಾರಿನ ಬಾಗಿಲು ತೆರೆದು, ಉಗುರು ಹಾಕಿ, ತಾತನ ಫೋಟೋ ಕಿತ್ತಳು. ಹಿಂದಿದ್ದ ಜರಡಿಯ ಒಳಗೆ ಅಂಥದ್ದೇ ಒಂದು ಸುರುಳಿ. ಪ್ಲಗ್ಗು ಕಾದವು ಅಂತ ಓಡಿಸುವವನಿಗೆ ತೋರಿಸಲು ಅದೇ ದಾರಕ್ಕೆ ಪೋಣಿಸಿಟ್ಟದ್ದು. ನಾವು ಅದರ ಮೇಲೆ ತಾತನನ್ನು ಅಂಟಿಸಿ, ತಾತ ಕಣ್ಣು ಬಿಡುತ್ತಾನೆ ಅಂತ ಕೈಮುಗಿದಿದ್ದೆವು. ಚಿಕ್ಕಪ್ಪ ಬಿದ್ದು ಬಿದ್ದು ನಕ್ಕ. ನಾನು ಅವನ ನಗುವನ್ನು ಅಣಕಿಸಿ ನಕ್ಕೆ. ಅಜ್ಜಿ ಕಣ್ಣಿಲ್ಲದ ಆ ಫೋಟೋವನ್ನು ಅಮ್ಮನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

ಮುಂದಿನ ಶನಿವಾರ ಅಪ್ಪ ಕರವಸ್ತ್ರದಲ್ಲಿ ಸುತ್ತಿ ನಾಲ್ಕು ಹೊಸ ಪ್ಲಗ್ಗು ತಂದ. ಕಡ್ಡಿಗೆ ಬಟ್ಟೆ ಸುತ್ತಿ ತೂತುಗಳ ಮಸಿ ತೆಗೆದು, ಹೊಸದನ್ನು ಕೂರಿಸಿ, ತಂತಿ ಕಟ್ಟಿದರು. ಭಾನುವಾರ ಬೆಳಗ್ಗೆ ಅಪ್ಪ ತಾನೇ ಗುಂಡಿ ಹಿಡಿದು ಕೂತ. ಯಾರೂ ಮಾತಾಡಕೂಡದು ಅಂದ. ನಾನು ಬಾಯಿಯ ಮೇಲೆ ಕೈ ಇಟ್ಟುಕೊಂಡೆ; ಗಂಟಲೊಳಗೆ ಅದು ಆಗಲೇ ಏಳಮ್ಮ ಅನ್ನುತ್ತಿತ್ತು. ಬರಿಯ ಜರಡಿಯ ಹಿಂದೆ ಸುರುಳಿ ಕೆಂಪಾಯಿತು. ಅಪ್ಪ ಎಳೆದ. ಇಂಜಿನ್ನು ಒಂದೇ ಸಲಕ್ಕೆ ಹಿಡಿಯಿತು. ಕಿಟಕಿಯಿಂದ ದನಿ ಬಂತು.

"ಎದ್ಲಾ?"

ನಾನು ಬಾಯಿಯ ಮೇಲಿನ ಕೈ ತೆಗೆಯಲಿಲ್ಲ. ಮತ್ತೆ ಕೇಳಿದಳು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೊಟ್ಟಿಗೆಗೇ ಬಂದಳು. ಅಪ್ಪ ಇಂಜಿನ್ನು ನಿಲ್ಲಿಸಿದ.

"ಮಾತಿಲ್ದೆ ಎದ್ಲಾ?"

"ಪ್ಲಗ್ಗು ಕಾದ್ರೆ ಸಾಕಮ್ಮ. ಅಪ್ಪನ ಮಾತು ಮುಗಿಯೋ ಹೊತ್ಗೆ ಅದು ಕಾಯ್ತಿತ್ತು, ಅಷ್ಟೆ. ಪಾಪಮ್ಮ ಅನ್ನೋದು ಬರೀ ಕಾರು."

"ಕಾರಾ?" ಅಂದಳು ಅಜ್ಜಿ. "ನಿಂಗಿಂತ ಮುಂಚೆ ಒಬ್ಳಿದ್ಲು ಕಣೋ. ಎರಡು ಜಡೆ ಹಾಕೋವಷ್ಟು ಕೂದ್ಲು ಬಂದಿತ್ತು. ಬೆಳಗ್ಗೆ ಎಬ್ಬಿಸೋದೇ ಒಂದು ಕೆಲ್ಸ. ನಿಮ್ಮಪ್ಪನೇ ಎಬ್ಬಿಸ್ತಿದ್ರು, ಹಾಲು ಐತೆ ಕೋಳಿ ಐತೆ ಅಂತ. ಒಂದಿನ ಏಳ್ಲಿಲ್ಲ. ಅವ್ರು ಎಬ್ಬಿಸ್ತಾನೇ ಇದ್ರು. ಹೊತ್ತು ನೆತ್ತಿಗೆ ಬಂದ್ರೂ ಅದೇ ಮಾತು ಹೇಳ್ತಾನೇ ಇದ್ರು. ನಾನು ಒಲೆ ಮುಂದಿಂದ ಕೇಳ್ತಾನೇ ಇದ್ದೆ, ಎದ್ಲಾ ಅಂತ. ಅವ್ರು ಉತ್ರ ಕೊಡ್ಲಿಲ್ಲ. ಎಷ್ಟೋ ವರ್ಷ ಕೊಡ್ಲಿಲ್ಲ. ಈ ಬಂಡಿ ಬಂದ್ಮೇಲೆ ಕೊಟ್ರು."

ಅಪ್ಪನಿಗೆ ಅಕ್ಕ ಇದ್ದಳು ಅನ್ನುವುದು ಅಪ್ಪನಿಗೇ ಅವತ್ತು ಗೊತ್ತಾದದ್ದು. ಅವನು ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದ. ನನಗೆ ಮೊದಲು ನೆನಪಾದದ್ದು ಆ ಮಂಜಿನ ಬೆಳಗುಗಳು: ಸತ್ತವನ ದನಿಯಲ್ಲಿ ನಾನು ಯಾರನ್ನು ಏಳು ಏಳು ಅಂತ ಕೂಗಿದೆ, ಏಳಲ್ವಾ ಅಂತ ಕೇಳಿದೆ, ಎದ್ದಳು ಅಂತ ಹೇಳಿದೆ. ಕತ್ತಿನ ಹಿಂದೆ ಯಾರೋ ತಣ್ಣಗೆ ಉಸಿರು ಬಿಟ್ಟರು. ತಿರುಗಿ ನೋಡಿದರೆ ಕೆಂದ ಹಸು. ಹಸು ಅಂತಲೇ ಇಟ್ಟುಕೊಳ್ಳೋಣ.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ನನ್ನ ಬಟ್ಟೆಯ ಗಂಟನ್ನು ಕಾರಿಗೆ ಹಾಕಿದ. ಅಜ್ಜಿ ಬೇಡ ಅನ್ನಲಿಲ್ಲ, ಸರಿ ಅನ್ನಲೂ ಇಲ್ಲ. ಹಿಂದಿನ ರಾತ್ರಿಯ ಊಟಕ್ಕೆ ನನ್ನ ಮುಂದೆ ಹಿತ್ತಾಳೆ ತಟ್ಟೆ ಬರದೆ ನನ್ನ ಹಳೆಯ ಸೊಟ್ಟ ತಟ್ಟೆ ಬಂದಿತ್ತು. ಚಿಕ್ಕಪ್ಪ ನನ್ನ ಎದುರೇ ಬೀಡಿ ಹಚ್ಚಿ, ಸೇಡಿಗೆ ಅನ್ನುವ ಹಾಗೆ ಹೊಗೆಯನ್ನು ನನ್ನ ಮುಖಕ್ಕೇ ಬಿಟ್ಟಿದ್ದ. ಬೆಳಗ್ಗೆ ನಾನು ಹಿಂದಿನ ಸೀಟಿಗೆ ಹತ್ತಿದೆ. ಅಪ್ಪ ಗುಂಡಿಯನ್ನು ಅರ್ಧ ಎಳೆದ. ಆಗ ಅಜ್ಜಿ ಬಂದು, ಅಪ್ಪನ ಪಕ್ಕದ ಸೀಟಿನ ಬಾಗಿಲು ತೆರೆದು, ಒಳಗೆ ಕೂತಳು. ನಾನು ತಾತನಾಗಿ ಕೂರುತ್ತಿದ್ದ ಜಾಗ ಅದು. ಒಂದು ಸಲ ಕೆಮ್ಮಿದಳು.

"ಏಳಮ್ಮ ಪಾಪಮ್ಮ, ಏಳು ತಾಯಿ" ಅಂದ ತಾತ.

ನಾನು ಅಣಕಿಸುತ್ತಿದ್ದದ್ದು ಅಣಕವೇ ಅಲ್ಲ. ಆ ದನಿಯಲ್ಲಿ ತಾತನ ಎಲೆಅಡಿಕೆ ಇತ್ತು, ಕೊನೆಯ ವರ್ಷದ ಗೂರಲು ಇತ್ತು, ಹಲ್ಲಿಲ್ಲದ ಕಡೆ ಗಾಳಿ ಸೋರುತ್ತಿದ್ದದ್ದೂ ಇತ್ತು. ಈ ಮನೆಯ ನಿಜವಾದ ಕಳ್ಳಿ ಇಷ್ಟು ವರ್ಷ ಒಲೆಯ ಮುಂದೆ ಕೂತಿದ್ದಳು. ಹಾಲು, ಕೋಳಿ, ಜಡೆ, ಕನಕಾಂಬರ. ಜರಡಿಯ ಹಿಂದಿನ ಸುರುಳಿ ಯಾವಾಗಲೋ ಕೆಂಪಾಗಿತ್ತು. ಹೊಸ ಪ್ಲಗ್ಗಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. ಆದರೂ ಅಪ್ಪ ಎಳೆಯಲಿಲ್ಲ. ಏಳಲ್ವಾ ನಮ್ಮಮ್ಮ ಅಂದ ಮೇಲೂ ಎಳೆಯಲಿಲ್ಲ. ಆದ್ದರಿಂದ ಯಾವಾಗಲೂ ಇಂಜಿನ್ನಿನ ಸದ್ದಿನಲ್ಲಿ ಮುಳುಗುತ್ತಿದ್ದ ಆ ಕೊನೆಯ ಸಾಲು ಅವತ್ತು, ಆ ಒಂದು ದಿನ, ಕೊಟ್ಟಿಗೆಯಲ್ಲಿ ಕೇಳಿಸಿತು.

"ಆಗಲ್ವಾ? ಹೋಗ್ಲಿ ಬಿಡು. ಮಲಕ್ಕೋ ಬಂಗಾರು."

ಅಪ್ಪ ಗುಂಡಿ ಎಳೆದ.

ಅಜ್ಜಿ ಇಳಿದಳು. ನಾನು ಕೂತಿದ್ದ ಕಡೆಯ ಕಾರಿನ ಕಿಟಕಿಗೆ ಬಂದು, ತನ್ನದೇ ದನಿಯಲ್ಲಿ, 'ಹೋಗ್ಬಾರಪ್ಪ ಮುನಿರಾಜ' ಅಂದು, ನನ್ನ ಕೆನ್ನೆ ಮುಟ್ಟಿ, ಒಳಗೆ ಹೋದಳು. ಅಡುಗೆಮನೆಯ ಕಿಟಕಿ ತೆರೆದೇ ಇತ್ತು. ಕಾರು ಹಿತ್ತಲು ದಾಟುವವರೆಗೂ ನಾನು ಅತ್ತ ಕಿವಿ ಕೊಟ್ಟೆ. ಪ್ರಶ್ನೆ ಬರಲಿಲ್ಲ.

ಚಿಂತಾಮಣಿ ದಾಟಿ ಸುಮಾರು ದೂರ ಬಂದೆವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ರಸ್ತೆ ಪಕ್ಕದ ಮರಗಳು ಒಂದೊಂದೇ ಹತ್ತಿರ ಬಂದು ಮುಖ ನೋಡಿ ಹಿಂದೆ ಹೋಗುತ್ತಿದ್ದವು. ಅಪ್ಪ ಕೇಳಿದ.

"ಚಳಿ ಆಗ್ತಿದೆಯೇನೋ?"

"ಇಲ್ಲಪ್ಪ" ಅಂದೆ. ಹೊರಗೆ ಬಂದದ್ದು ತಾತನ ದನಿಯಲ್ಲ. ಮೇಷ್ಟ್ರದಲ್ಲ, ಕಂಡಕ್ಟರದಲ್ಲ, ಚಿಕ್ಕಪ್ಪನದಲ್ಲ. ಅರ್ಧ ಕಾಗೆ, ಅರ್ಧ ಒಡೆದ ಮಡಕೆ, ನಡುವೆ ಎರಡಾಗಿ ಸೀಳಿಹೋದ ಒಂದು ದನಿ. ಅಂಥದ್ದನ್ನು ನಾನು ಯಾರಿಂದಲೂ ಕದ್ದಿರಲಿಲ್ಲ. ಅಪ್ಪ ಗಕ್ಕನೆ ಬ್ರೇಕು ಹಾಕಿ, ಹಿಂದಿನ ಸೀಟಿನಲ್ಲಿ ನನ್ನ ಜೊತೆ ಬೇರೆ ಯಾರು ಕೂತಿದ್ದಾರೆ ಅಂತ ತಿರುಗಿ ನೋಡಿದ.